ಸರಾಸರಿಯ ಮರೆಯಲ್ಲಿ

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ದೋರನಹಳ್ಳಿಯಂಥ ಊರಿನಲ್ಲಿ ಕುಳಿತು, ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಪ್ರಾದೇಶಿಕ ಅಸಮತೋಲನ ನಿವಾರಣೆಯ ವರದಿಯನ್ನು ಓದುವುದಕ್ಕೂ, ರಾಜಧಾನಿಯ ಗ್ರಂಥಭಂಡಾರದಲ್ಲಿ ಅದನ್ನೇ ಓದುವುದಕ್ಕೂ ಬಹಳ ಅಂತರವುಂಟು. ಅಲ್ಲಿ ಅದು ಪಾಂಡಿತ್ಯದ ಫಲ. ಇಲ್ಲಿ ಅದು ಕೊಟ್ಟ ಮಾತು.

ಜಿಲ್ಲೆಯೆಂಬ ಸ್ಥೂಲ ಘಟಕವನ್ನು ಕೈಬಿಟ್ಟು ತಾಲ್ಲೂಕನ್ನೇ ಅಳತೆಗೆ ಹಿಡಿದು, 35 ಸೂಚಕಗಳ ಒರೆಗಲ್ಲಿಗೆ ತಿಕ್ಕಿ, 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ ಶಹಾಪುರ, ಸುರಪುರ, ಯಾದಗಿರಿಗಳೂ ಸೇರಿದಂತೆ 39 ಅತ್ಯಂತ ಹಿಂದುಳಿದಿವೆಯೆಂದೂ ಹೆಸರು ಹಿಡಿದು ಹೇಳಿದ್ದು ಈ ವರದಿಯ ನಿಜವಾದ ಹಿರಿಮೆ. ಯಾರನ್ನೂ ಹಿಂದೆ ಬಿಡಲಾಗದೆಂದು ವಿಶ್ವಸಂಸ್ಥೆಯು 2015ರಲ್ಲಿ ಪಣ ತೊಡುವುದಕ್ಕೆ 13 ವರ್ಷ ಮೊದಲೇ ನಮ್ಮವರು ಹಿಂದೆ ಬಿದ್ದವರ ಪಟ್ಟಿಯನ್ನು ಸಿದ್ಧಪಡಿಸಿದ್ದರು. ಪಟ್ಟಿ ಮಾಡುವುದರಲ್ಲಿ ನಾವು ಎಂದೂ ಹಿಂದುಳಿದವರಲ್ಲ.

ಆದರೆ ತಾಲ್ಲೂಕೂ ಒಂದು ಸರಾಸರಿಯೇ. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಕಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ನಾರಾಯಣಪುರದ ಎಡದಂಡೆ ಕಾಲುವೆಯಿಂದ ಈ ಸೀಮೆಗೆ ಹರಿದುಬಂದಾಗ, ಯೋಜಕರ ಮನಸ್ಸಿನಲ್ಲಿದ್ದುದು ಜೋಳ, ಹತ್ತಿ, ದ್ವಿದಳಗಳಂಥ ಮಿತನೀರಿನ ಬೆಳೆ. ಕಾಲುವೆಯ ಮೇಲ್ಭಾಗದಲ್ಲಿ ಬೆಳೆದದ್ದು ಭತ್ತ. ಎರೆಯ ಹೊಲದಲ್ಲಿ ನೀರು ನಿಂತು ಸವುಳೇರಿತು. ಕಾಲುವೆಗೆ ನೀರು ಬಿಟ್ಟು ನಿಲ್ಲಿಸುವ ಚಾಲು–ಬಂದ್ ಎಂಬ ಸರದಿಯನ್ನು ಕಾಯುತ್ತ ಕೊನೆಯಂಚಿನ ರೈತನು ತೂಬಿನ ಬಳಿ ರಾತ್ರಿ ಕಳೆದನು. ಭತ್ತ ಬೆಳೆದವನನ್ನೂ ಪೂರ್ತಿ ದೂರಲಾರೆ. ಖಂಡಿತವಾಗಿ ಕೊಳ್ಳುವವರುಳ್ಳ ಬೆಳೆಯನ್ನು ಬಿಟ್ಟು ತತ್ತ್ವಕ್ಕಾಗಿ ತೊಗರಿ ಬಿತ್ತೆಂದು ಸಾಲಗಾರನಿಗೆ ಹೇಳುವುದು ಸುಲಭವಲ್ಲ. ಅಭಿವೃದ್ಧಿಯ ಮಾತಿನಲ್ಲಿ ಜೊತೆಯಾಗಿ ಬರುವ ಸುಸ್ಥಿರತೆ, ಒಳಗೊಳ್ಳುವಿಕೆ ಎಂಬ ಪದಗಳು ಇಲ್ಲಿ ಒಂದೇ ಕಾಲುವೆಯ ಎರಡು ತುದಿಗಳಲ್ಲಿ ಒಟ್ಟಿಗೆ ಸೋತಿವೆ. ತಾಲ್ಲೂಕಿಗೊಂದೇ ಅಂಕೆಯನ್ನು ಕೊಡುವ ವರದಿಯ ವಿಧಾನಕ್ಕೆ ಈ ತುದಿಗಳ ನಡುವಣ ಅಂತರವನ್ನು ಕಾಣುವ ಕಣ್ಣಿಲ್ಲ.

ವರದಿ ಬಂದ ಮೇಲೆ, 2009ರ ಕೊನೆಗೆ ಯಾದಗಿರಿಯು ಜಿಲ್ಲೆಯಾಯಿತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿಯು ಸಂವಿಧಾನಕ್ಕೆ ಸೇರಿತು. 2018ರಲ್ಲಿ ಮಹತ್ವಾಕಾಂಕ್ಷೆಯ ಜಿಲ್ಲೆಯೆಂಬ ಬಿರುದೂ ಬಂತು. ಈ ನಡುವೆ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರ ಆಸುಪಾಸಿನಲ್ಲಿ, ರಾಜ್ಯದಲ್ಲಿಯೇ ಕಟ್ಟಕಡೆಗೆ ನಿಂತಿತ್ತು. ಅಚ್ಚುಕಟ್ಟಿನ ಲೆಕ್ಕದಲ್ಲಿ ನೀರಾವರಿಯೆನಿಸಿಕೊಂಡ ಹೊಲದೊಡೆಯನು ಸುಗ್ಗಿ ಕೈಕೊಟ್ಟ ವರ್ಷ ಮನೆಗೆ ಬೀಗವಿಕ್ಕಿ, ಮಕ್ಕಳೊಡನೆ ಬೆಂಗಳೂರಿಗೆ ಗುಳೆ ಹೊರಡುತ್ತಾನೆ. ಅವನ ಹೊಲವು ಮುಂದುವರಿದ ಎಕರೆಗಳ ಮೊತ್ತದಲ್ಲಿ ಹಾಗೆಯೇ ಉಳಿಯುತ್ತದೆ.