ಒಂದು ಪೀಠ, ಅನೇಕ ಶ್ರೋತೃಗಳು : ಗೃಹಚಿತ್ರಮಂದಿರದ ಧ್ವನಿವರ್ಧಕ ವಿನ್ಯಾಸದ ವಿಮರ್ಶೆ

ಚಲನಚಿತ್ರಗಳನ್ನು ಮನೆಯಲ್ಲಿಯೇ ಚಿತ್ರಮಂದಿರದ ಧ್ವನಿವೈಭವದೊಡನೆ ನೋಡಬೇಕೆಂಬ ಆಸೆಯಿಂದ ಧ್ವನಿವರ್ಧಕಗಳನ್ನು ಕೊಂಡು ತಂದವರು, ಪೆಟ್ಟಿಗೆಯನ್ನು ಬಿಚ್ಚಿದೊಡನೆ ಕೈಗೆತ್ತಿಕೊಳ್ಳುವುದು ಅದರೊಳಗಿನ ಕೈಪಿಡಿಯನ್ನು. ಈ ಕೈಪಿಡಿಗಳು ಯಾವ ದೇಶದಲ್ಲಿ ಅಚ್ಚಾಗಿರಲಿ, ಅವುಗಳಲ್ಲಿ ಕಂಡುಬರುವ ನಕ್ಷೆ ಬಹುಮಟ್ಟಿಗೆ ಒಂದೇ. ಒಂದು ವರ್ತುಲ, ಅದರ ಕೇಂದ್ರದಲ್ಲಿ ಒಂದು ಕುರ್ಚಿ, ಕುರ್ಚಿಯ ನೇರ ಮುಂದೆ, ತೆರೆಯ ಬಳಿ, ಒಂದು ಧ್ವನಿವರ್ಧಕ, ಅದರ ಎಡಬಲಗಳಲ್ಲಿ 30 ಡಿಗ್ರಿಗಳ ಕೋನದಲ್ಲಿ ಒಂದೊಂದು, ಕುರ್ಚಿಯ ಪಕ್ಕಕ್ಕೆ ತುಸು ಹಿಂದೆ, 110 ಡಿಗ್ರಿಗಳ ಆಸುಪಾಸಿನಲ್ಲಿ, ಮತ್ತೆರಡು. ಮಂದ್ರಧ್ವನಿಗೆಂದೇ ಇರುವ ಸಬ್‌ವೂಫರ್ ಎಂಬ ಪೆಟ್ಟಿಗೆಗೆ ಮಾತ್ರ ನಿಯತವಾದ ಸ್ಥಾನವಿಲ್ಲ. ಈ ನಕ್ಷೆಯನ್ನು ಹೇಗೆ ಅನುಸರಿಸಬೇಕೆಂಬುದನ್ನು ಹೇಳುವ ಬರಹಗಳು ಬೇಕಾದಷ್ಟಿವೆ. ಅದು ಯಾರಿಗಾಗಿ ರಚಿತವಾಯಿತು ಎಂದು ಕೇಳಿದವರು ವಿರಳ.

ಇತಿಹಾಸವನ್ನು ಬೋಧಿಸುವ ನಾವು ಧ್ವನಿಶಾಸ್ತ್ರಕ್ಕೆ ಕೈಯಿಕ್ಕಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಒಂದೇ ಕಲ್ಲಿನ ಮೇಲೆ ಬೇರೆಬೇರೆ ಕಾಲದ ಕೈಗಳು ಬರೆದ ಶಾಸನವನ್ನು ಕಂಡಾಗ, ಯಾವ ಸಾಲು ಯಾವ ಕಾಲದ್ದೆಂದು ವಿಂಗಡಿಸುವುದು ನಮ್ಮ ಕಸುಬು. ಈ ನಕ್ಷೆಯೂ ಅಂಥದೇ ಒಂದು ಶಾಸನವೆಂದೂ, ಅದರ ಪದರಗಳನ್ನು ಬಿಡಿಸಿ ನೋಡದೆ ಇಡಿಯಾಗಿ ಶಿರಸಾವಹಿಸುವುದರಿಂದ ಮನೆಯವರಲ್ಲಿ ಹೆಚ್ಚಿನವರಿಗೆ ಅನ್ಯಾಯವಾಗುತ್ತಿದೆಯೆಂದೂ ನಮ್ಮ ಅಭಿಪ್ರಾಯ.

ಮೊದಲನೆಯ ಪದರವು 1930ರ ದಶಕಕ್ಕೆ ಸೇರಿದುದು. ಇಂಗ್ಲೆಂಡಿನ ಇಎಂಐ ಸಂಸ್ಥೆಯ ಎಂಜಿನಿಯರರಾಗಿದ್ದ ಅಲನ್ ಬ್ಲೂಮ್ಲೀನ್ ಅವರು 1931ರ ಡಿಸೆಂಬರಿನಲ್ಲಿ, ಎರಡು ಧ್ವನಿವರ್ಧಕಗಳ ಮೂಲಕ ಧ್ವನಿಯ ದಿಕ್ಕನ್ನು ಪುನಸ್ಸೃಷ್ಟಿಸುವ ವಿಧಾನಕ್ಕೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. ಚಿತ್ರಮಂದಿರವೊಂದರಲ್ಲಿ ನಟನು ತೆರೆಯ ಈ ಅಂಚಿನಿಂದ ಆ ಅಂಚಿಗೆ ನಡೆದುಹೋದರೂ ಅವನ ದನಿ ಮಾತ್ರ ಒಂದೇ ಕಡೆಯಿಂದ ಬರುತ್ತಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತೆಂಬ ಕಥೆ ಪ್ರಚಲಿತವಾಗಿದೆ. 1935ರಲ್ಲಿ ಅವರು ತೆಗೆದ ಪ್ರಾಯೋಗಿಕ ಚಿತ್ರಗಳಲ್ಲಿ ಜನರು ಮಾತನಾಡುತ್ತ ತೆರೆಯ ಮೇಲೆ ಅಡ್ಡಾಡುವುದನ್ನು ನೋಡಿದರೆ ಈ ಕಥೆ ನಿರಾಧಾರವೆನ್ನಿಸದು. ಎರಡು ಧ್ವನಿವರ್ಧಕಗಳ ನಡುವೆ, ವಸ್ತುತಃ ಏನೂ ಇಲ್ಲದ ಜಾಗದಲ್ಲಿ, ಒಂದು ಧ್ವನಿಬಿಂಬ ಮೂಡುತ್ತದೆ. ಆದರೆ ಎರಡಕ್ಕೂ ಸಮದೂರದಲ್ಲಿ ಕುಳಿತವನಿಗೆ ಮಾತ್ರ ಅದು ನೆಲೆಯಾಗಿ ನಿಲ್ಲುತ್ತದೆ.

ಅದೇ ಕಾಲಕ್ಕೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹಾರ್ವೆ ಫ್ಲೆಚರ್ ಮತ್ತು ಅವರ ಸಹೋದ್ಯೋಗಿಗಳು ಬೇರೊಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಸಭಾಂಗಣದ ತುಂಬ ಕುಳಿತ ಜನರೆಲ್ಲರಿಗೂ ವಾದ್ಯವೃಂದವು ತನ್ನ ಅಗಲಗಲಕ್ಕೂ ಕೇಳಿಸುವಂತೆ ಮಾಡುವುದೆಂತು? ವೇದಿಕೆಯ ಉದ್ದಕ್ಕೂ ಮೈಕ್ರೊಫೋನುಗಳ ಪರದೆಯನ್ನೇ ಕಟ್ಟಿ, ಇತ್ತ ಅಷ್ಟೇ ಧ್ವನಿವರ್ಧಕಗಳ ಪರದೆಯನ್ನು ನಿಲ್ಲಿಸುವುದು ಆದರ್ಶ. ಅದು ಕಾರ್ಯಸಾಧ್ಯವಲ್ಲವಾದುದರಿಂದ ಅವರು ಮೂರಕ್ಕೆ ಇಳಿದರು. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ಅಲೆಕ್ಸಾಂಡರ್ ಸ್ಮಾಲೆನ್ಸ್ ಅವರ ನಿರ್ದೇಶನದಲ್ಲಿ ನುಡಿಯುತ್ತಿದ್ದ ವಾದ್ಯವೃಂದವನ್ನು ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನ ಸಭಿಕರು ಮೂರು ಧ್ವನಿವರ್ಧಕ ಸಮೂಹಗಳ ಮೂಲಕ ಕೇಳಿದರು. ಲಿಯೊಪೋಲ್ಡ್ ಸ್ಟೊಕಾವ್‌ಸ್ಕಿಯವರು ವಾಷಿಂಗ್ಟನ್ನಿನಲ್ಲಿ ಧ್ವನಿನಿಯಂತ್ರಣದ ಗುಂಡಿಗಳ ಮುಂದೆ ಕುಳಿತಿದ್ದರು. ಮಧ್ಯದ ಧ್ವನಿವರ್ಧಕದ ಹುಟ್ಟು ಇಲ್ಲಿ. ಪಕ್ಕಕ್ಕೆ ಕುಳಿತವರಿಗಾಗಿಯೇ ಅದು ಹುಟ್ಟಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕಾಗಿ ಬೇಡುತ್ತೇವೆ.

ಪಕ್ಕಕ್ಕೆ ಕುಳಿತರೆ ಆಗುವುದೇನೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಎಡಬಲದ ಧ್ವನಿವರ್ಧಕಗಳೂ ಕುರ್ಚಿಯೂ 2.5 ಮೀಟರ್ ಭುಜದ ಸಮಬಾಹು ತ್ರಿಕೋನದ ತುದಿಗಳಲ್ಲಿವೆಯೆನ್ನೋಣ. ಕುಳಿತವನು ಎಡಕ್ಕೆ 60 ಸೆಂಟಿಮೀಟರಿನಷ್ಟು, ಎಂದರೆ ಒಬ್ಬರು ಕೂರುವ ಅಗಲದಷ್ಟು, ಸರಿದರೆ ಎಡದ ಧ್ವನಿವರ್ಧಕವು ಸುಮಾರು 2.26 ಮೀಟರ್ ದೂರಕ್ಕೂ ಬಲದ್ದು 2.85 ಮೀಟರ್ ದೂರಕ್ಕೂ ಆಗುತ್ತದೆ. ಈ 59 ಸೆಂಟಿಮೀಟರುಗಳ ಅಂತರವನ್ನು ಕ್ರಮಿಸಲು ಧ್ವನಿಗೆ 1.7 ಮಿಲಿಸೆಕೆಂಡ್ ಬೇಕು. ಅಂತರ ಒಂದು ಮಿಲಿಸೆಕೆಂಡನ್ನು ಮೀರಿತೆಂದರೆ ಕಿವಿಯು ಮೊದಲು ಬಂದ ಧ್ವನಿಯ ದಿಕ್ಕನ್ನೇ ನಂಬುತ್ತದೆ. ಈ ಸಂಗತಿಯನ್ನು ವಾಲಕ್, ನ್ಯೂಮನ್, ರೋಸನ್‌ಸ್ವೈಗ್ ಎಂಬ ಮೂವರು ಅಮೆರಿಕದಲ್ಲಿಯೂ, ಹೆಲ್ಮುಟ್ ಹಾಸ್ ಅವರು ಜರ್ಮನಿಯ ಗಟಿಂಗೆನ್ನಿನಲ್ಲಿಯೂ 1949ರಲ್ಲಿ ನಿರೂಪಿಸಿದರು. ಆದಕಾರಣ ಕೇಂದ್ರದಿಂದ ಒಬ್ಬರ ಅಗಲದಷ್ಟು ಸರಿದವನಿಗೆ, ತೆರೆಯ ನಡುವೆ ನಿಂತ ನಾಯಿಕೆಯ ಮಾತು ಎಡಗಡೆಯ ಪೆಟ್ಟಿಗೆಯಿಂದ ಕೇಳಿಸುತ್ತದೆ.

ಹೀಗಿದ್ದೂ ಮನೆಗೆ ಬಂದುದು ಎರಡೇ. ಇದಕ್ಕೆ ಕಾರಣ ಶ್ರವಣಶಾಸ್ತ್ರವಲ್ಲ, ಗ್ರಾಮಫೋನ್ ತಟ್ಟೆಯ ಗೀರು. ಗೀರಿಗೆ ಇರುವುದು ಎರಡು ಗೋಡೆ. ಒಂದೊಂದು ಗೋಡೆಯಲ್ಲಿ ಒಂದೊಂದು ಧ್ವನಿಯನ್ನು ಕೊರೆಯಬಹುದು. 1958ರ ವೇಳೆಗೆ ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದಾಗ ಮೂರನೆಯದಕ್ಕೆ ಎಡೆಯೇ ಇರಲಿಲ್ಲ. ಚಿತ್ರಮಂದಿರವಾದರೋ ಆ ಹೊತ್ತಿಗೆ ಬಹಳ ಮುಂದೆ ಹೋಗಿತ್ತು. 1940ರ ‘ಫ್ಯಾಂಟೇಸಿಯ’ ಚಿತ್ರಕ್ಕಾಗಿ ಕಟ್ಟಿದ ಫ್ಯಾಂಟಸೌಂಡ್ ವ್ಯವಸ್ಥೆಯಲ್ಲಿ ತೆರೆಯ ಹಿಂದೆ ಮೂರು ಧ್ವನಿವರ್ಧಕಗಳಿದ್ದುವು. 1953ರ ‘ದಿ ರೋಬ್’ ಚಿತ್ರದ ಅಂಚಿನಲ್ಲಿ ನಾಲ್ಕು ಕಾಂತೀಯ ಧ್ವನಿಪಥಗಳು: ಮೂರು ಮುಂದಕ್ಕೆ, ಒಂದು ಪ್ರೇಕ್ಷಕರ ಸುತ್ತಲಿನ ಗೋಡೆಗಳಿಗೆ. ಈ ನಾಲ್ಕನೆಯದು ಸಪೂರವಾಗಿದ್ದು ಸದಾ ಹಿಸ್ಸೆನ್ನುತ್ತಿದ್ದುದರಿಂದ, 12 ಕಿಲೊಹರ್ಟ್ಸ್‌ನ ಒಂದು ಗುಪ್ತಸ್ವರದ ಸಂಜ್ಞೆಯಿದ್ದಾಗ ಮಾತ್ರ ಅದನ್ನು ತೆರೆಯುತ್ತಿದ್ದರು. ಸುತ್ತುಧ್ವನಿಯು ಆಗ ವಿಶೇಷಸಂದರ್ಭಗಳ ಅತಿಥಿ, ಕುಟುಂಬದ ಸದಸ್ಯನಲ್ಲ.

ಎರಡನೆಯ ಪದರಕ್ಕೆ ಬರೋಣ. 1970ರ ದಶಕದ ಮಧ್ಯದಲ್ಲಿ ಡಾಲ್ಬಿ ಸಂಸ್ಥೆಯವರು ನಾಲ್ಕು ಚಾನೆಲುಗಳನ್ನು ಎರಡು ಧ್ವನಿಪಥಗಳೊಳಗೆ ಹೆಣೆದಿಡುವ ವಿಧಾನವನ್ನು ಚಲನಚಿತ್ರಕ್ಕೆ ತಂದರು. ಎರಡು ಪಥಗಳಲ್ಲಿ ಅಡಗಿದ್ದುದರಿಂದಲೇ ಅವು ವಿಡಿಯೊ ಕ್ಯಾಸೆಟ್ಟಿನ ಎರಡು ಪಥಗಳ ಮೇಲೇರಿ, ಯಾರಿಗೂ ತಿಳಿಯದಂತೆ, ಮನೆಗಳನ್ನು ಹೊಕ್ಕುವು. ಅವನ್ನು ಮನೆಯಲ್ಲಿ ಬಿಡಿಸುವ ಉಪಕರಣ 1982ರಲ್ಲಿ ಬಂದಿತು. ಅದರ ಸುಧಾರಿತ ರೂಪವಾದ ಪ್ರೊ ಲಾಜಿಕ್, ಮಧ್ಯದ ಧ್ವನಿವರ್ಧಕವನ್ನೂ ಕೂಡಿಸಿಕೊಂಡು, 1987ರಲ್ಲಿ. ವಾಷಿಂಗ್ಟನ್ನಿನ ಸಭಾಂಗಣದಿಂದ ನಮ್ಮ ನಡುಮನೆಗೆ ಬರಲು ಮಧ್ಯದ ಧ್ವನಿವರ್ಧಕಕ್ಕೆ 54 ವರ್ಷ ಹಿಡಿಯಿತು. ಆಗಿನ ಸುತ್ತುಧ್ವನಿಯೋ ಒಂದೇ ಚಾನೆಲಿನದು, 7 ಕಿಲೊಹರ್ಟ್ಸ್‌ಗೆ ಕತ್ತರಿಸಿದುದು. ಮುಂದಿನ ಮಾತು ಅದರೊಳಗೆ ಸೋರುತ್ತಿದ್ದುದರಿಂದ ಅದನ್ನು ಬೇಕೆಂದೇ 15ರಿಂದ 30 ಮಿಲಿಸೆಕೆಂಡುಗಳಷ್ಟು ತಡಮಾಡುತ್ತಿದ್ದರು; ಮೇಲೆ ಹೇಳಿದ ಶ್ರವಣನಿಯಮದಂತೆ ಮಾತು ಮುಂದಿನಿಂದಲೇ ಬಂದಂತೆ ಕೇಳುತ್ತಿತ್ತು. ಇಂಥ ಧ್ವನಿ ನೆಲೆಯಿಲ್ಲದಂತೆ ಹರಡಿಕೊಳ್ಳಬೇಕೆಂಬುದೇ ಉದ್ದೇಶ. ಪಕ್ಕದ ಧ್ವನಿವರ್ಧಕಗಳನ್ನು ಗೋಡೆಯಲ್ಲಿ ತಲೆಗಿಂತ ಎತ್ತರಕ್ಕೆ ಹಾಕಿರೆಂಬ ಉಪದೇಶವು ಈ ಕಾಲದ್ದು.

ಮೂರನೆಯ ಪದರ 1992ರದು. ಆ ವರ್ಷ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಡನೆ ಡಾಲ್ಬಿ ಡಿಜಿಟಲ್ ಬಂದಿತು. ಪಕ್ಕದ ಎರಡು ಚಾನೆಲುಗಳು ಬೇರೆಬೇರೆಯಾಗಿ, ಪೂರ್ಣಸ್ವರವ್ಯಾಪ್ತಿಯನ್ನು ಪಡೆದುವು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್ 775 ಎಂಬ ಶಿಫಾರಸು ಹೊರಬಿದ್ದುದೂ ಅದೇ ವರ್ಷ. 30 ಡಿಗ್ರಿ, 100ರಿಂದ 120 ಡಿಗ್ರಿ ಎಂಬ ಅಳತೆಗಳಿರುವುದು ಅದರಲ್ಲಿ. ಕಾರ್ಯಕ್ರಮವನ್ನು ತಯಾರಿಸುವವರೂ ಪರೀಕ್ಷಿಸುವವರೂ ಒಂದೇ ವಿನ್ಯಾಸದಲ್ಲಿ ಕುಳಿತು ಕೇಳಬೇಕಷ್ಟೆ. ಇಲ್ಲದಿದ್ದರೆ ಒಬ್ಬರ ತೀರ್ಪು ಇನ್ನೊಬ್ಬರಿಗೆ ಉಪಯೋಗವಾಗದು. ಆ ಕಾರ್ಯಕ್ಕೆ ಈ ವರ್ತುಲ ಸಮರ್ಪಕವಾಗಿಯೇ ಇದೆ. ನಮ್ಮ ಆಕ್ಷೇಪಣೆ ಶಿಫಾರಸಿನ ಮೇಲಲ್ಲ, ಅದನ್ನು ಕುಟುಂಬದ ಕೊಠಡಿಗೆ ಯಥಾವತ್ತಾಗಿ ಇಳಿಸಿದ ಕೈಪಿಡಿಕಾರರ ಮೇಲೆ. ಅವರು ಒಂದು ಪುಟದಲ್ಲಿ ‘ಕಿವಿಯ ಮಟ್ಟದಲ್ಲಿಡಿ’ ಎನ್ನುತ್ತಾರೆ. ಮಗ್ಗುಲು ತಿರುಗಿಸಿದರೆ ‘ತಲೆಗಿಂತ ಎರಡು ಅಡಿ ಮೇಲಿಡಿ’ ಎಂದಿರುತ್ತದೆ. ಎರಡೂ ಬೇರೆಬೇರೆ ಕಾಲದ ಪಾಠಗಳು. ಪಾಠಾಂತರವೆಂದು ಸೂಚಿಸುವಷ್ಟು ಸೌಜನ್ಯವನ್ನೂ ತೋರದೆ ಅವನ್ನು ಒಟ್ಟಿಗೆ ಅಚ್ಚುಹಾಕಿದ್ದಾರೆ.

ಅನೇಕರು ಕೂಡಿ ಕೇಳುವ ಮನೆಗೆ ಹಳೆಯ ಪಾಠವೇ ಕೆಲಮಟ್ಟಿಗೆ ಮೇಲೆಂದು ನಮಗೆ ತೋರುತ್ತದೆ. 4 ಮೀಟರ್ ಅಗಲದ ಕೊಠಡಿಯಲ್ಲಿ ಎಡಗೋಡೆಯಿಂದ 80 ಸೆಂಟಿಮೀಟರ್ ದೂರದಲ್ಲಿ ಒಬ್ಬರು ಕುಳಿತಿದ್ದಾರೆನ್ನೋಣ. ಪಕ್ಕದ ಪೆಟ್ಟಿಗೆಗಳು ಅವರ ನೇರದಲ್ಲಿ ಕಿವಿಯ ಮಟ್ಟದಲ್ಲಿದ್ದರೆ, ದೂರಗಳ ಲೆಕ್ಕದಿಂದಲೇ, ಹತ್ತಿರದ್ದು ದೂರದ್ದಕ್ಕಿಂತ 12 ಡೆಸಿಬೆಲ್ ಜೋರಾಗುತ್ತದೆ. 90 ಸೆಂಟಿಮೀಟರ್ ಮೇಲಕ್ಕೇರಿಸಿದರೆ ಈ ಅಂತರ 9ಕ್ಕೆ ಇಳಿಯುತ್ತದೆ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಪದ್ಧತಿಯಂತೆ ಮಾಳಿಗೆಯಲ್ಲಿಯೂ ಧ್ವನಿವರ್ಧಕಗಳನ್ನು ಕೂರಿಸಿದವರು ಮಾತ್ರ ಹೀಗೆ ಮಾಡಬಾರದು. ಮೇಲಣ ಧ್ವನಿಗೂ ಪಕ್ಕದ ಧ್ವನಿಗೂ ಇರಬೇಕಾದ ಭೇದವೇ ಅಳಿಸಿಹೋದೀತು. (ಮಾಳಿಗೆಗೆ ಬಡಿದು ಹಿಂದಿರುಗುವಂತೆ ಧ್ವನಿಯನ್ನು ಮೇಲಕ್ಕೆ ಚಿಮ್ಮಿಸುವ ಪೆಟ್ಟಿಗೆಗಳೂ ಇವೆ. ಅವಕ್ಕೆ ಸಮತಟ್ಟಾದ ಮಾಳಿಗೆ ಬೇಕು. ಮಲೆನಾಡಿನ ಹಂಚಿನ ಮನೆಗಳಲ್ಲಿರುವವರು ಆ ಹಣವನ್ನು ಉಳಿಸಿಕೊಳ್ಳುವುದು ಲೇಸು.)

ಇನ್ನು ನಮ್ಮ ಮುಖ್ಯವಾದ ದೂರಿಗೆ ಬರುತ್ತೇವೆ. ನಮ್ಮ ಮನೆಯ ನಡುಮನೆಯಲ್ಲಿ ಈ ನಕ್ಷೆಯನ್ನು ಅಳತೆಪಟ್ಟಿ ಹಿಡಿದು ಅನುಸರಿಸಿದೆವು. ನಾವು ಕೇಂದ್ರದ ಕುರ್ಚಿಯಲ್ಲಿ ಕುಳಿತು ಸಂತುಷ್ಟರಾದೆವು. ನಮ್ಮ ತಾಯಿಯವರು ಕುಳಿತುಕೊಳ್ಳುವುದು ಕಿಟಕಿಯ ಬದಿಯ ಮಂಚದ ಮೇಲೆ. ಬೆನ್ನುನೋವಿರುವುದರಿಂದ ಅದನ್ನು ಬಿಟ್ಟು ಏಳಲಾರರು. ಅವರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ, “ಹಳೆಯ ಪೆಟ್ಟಿಗೆಯಲ್ಲಾದರೆ ಮಾತು ತಿಳಿಯುತ್ತಿತ್ತಪ್ಪ” ಎಂದರು. ವಯಸ್ಸಿನ ಕಿವಿಯೆಂದು ನಾವು ಬಗೆದೆವು. ಅವರ ಎಡೆಯಲ್ಲಿ ನಾವೇ ಹೋಗಿ ಕುಳಿತಾಗ ತಪ್ಪು ಕಿವಿಯದಲ್ಲವೆಂದು ತಿಳಿಯಿತು.

ಮಧ್ಯದ ಧ್ವನಿವರ್ಧಕವನ್ನು ಇಂದು ಸಾಮಾನ್ಯವಾಗಿ ಅಡ್ಡ ಮಲಗಿಸಿದ ಪೆಟ್ಟಿಗೆಯಾಗಿ ಮಾಡುತ್ತಾರೆ: ನಡುವೆ ತಾರಸ್ವರದ ಸಣ್ಣ ಶಂಕು, ಅದರ ಎರಡು ಪಕ್ಕಗಳಲ್ಲಿ ದೊಡ್ಡ ಶಂಕುಗಳು. ದೂರದರ್ಶನದ ಕೆಳಗಿನ ಗೂಡಿನಲ್ಲಿ ಹಿಡಿಸಬೇಕೆಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಯುಕ್ತಿ ಕಾಣದು. ದೊಡ್ಡ ಶಂಕುಗಳ ಮಧ್ಯಬಿಂದುಗಳ ನಡುವೆ 30 ಸೆಂಟಿಮೀಟರ್ ಇದ್ದು, ಕೇಳುವವರು 30 ಡಿಗ್ರಿ ಪಕ್ಕಕ್ಕಿದ್ದರೆ, ಒಂದರ ಧ್ವನಿ ಮತ್ತೊಂದಕ್ಕಿಂತ 15 ಸೆಂಟಿಮೀಟರ್ ಹೆಚ್ಚು ದೂರ ಬರಬೇಕಾಗುತ್ತದೆ. ಸುಮಾರು 1,140 ಹರ್ಟ್ಸ್ ಸ್ವರಕ್ಕೆ ಇದು ಸರಿಯಾಗಿ ಅರ್ಧ ಅಲೆಯುದ್ದ. ಒಂದರ ಉಬ್ಬು ಇನ್ನೊಂದರ ತಗ್ಗನ್ನು ಕೂಡಿ ಎರಡೂ ಅಳಿಯುತ್ತವೆ. ಆ ಸ್ಥಾನ ಮನುಷ್ಯನ ಮಾತಿನ ನಟ್ಟನಡುವೆ ಬೀಳುತ್ತದೆ. ಕೇಂದ್ರದ ಕುರ್ಚಿಯಲ್ಲಿ ಈ ದೋಷದ ಸುಳಿವೂ ಸಿಕ್ಕದು. ಪಕ್ಕದವರಿಗೆಂದು 1933ರಲ್ಲಿ ಕಲ್ಪಿಸಿದ ಧ್ವನಿವರ್ಧಕವು, ಗೂಡಿನ ಅಳತೆಗೆ ಅಡ್ಡ ಮಲಗಿ, ಪಕ್ಕದವರಿಂದಲೇ ಮಾತನ್ನು ಕಸಿಯಿತು. ಕುರ್ಚಿಯೊಂದನ್ನೇ ಪ್ರಮಾಣವಾಗಿ ಹಿಡಿದ ನಕ್ಷೆ ಇದನ್ನು ಎಂದಿಗೂ ತೋರಿಸಿಕೊಡಲಾರದು.

ಕೆಲವು ತಯಾರಕರು ತಾರಸ್ವರದ ಶಂಕುವಿನ ನೆತ್ತಿಯ ಮೇಲೆಯೋ ಅಡಿಯಲ್ಲಿಯೋ ಮಧ್ಯಸ್ವರದ ಪ್ರತ್ಯೇಕ ಶಂಕುವನ್ನಿಟ್ಟು ಈ ದೋಷವನ್ನು ಬಹುಪಾಲು ನಿವಾರಿಸಿದ್ದಾರೆ. ಅಂಥ ಪೆಟ್ಟಿಗೆಗೆ ಬೆಲೆ ಹೆಚ್ಚು. ಬೆಲೆಯಿಲ್ಲದ ಉಪಾಯವೆಂದರೆ ಇರುವ ಪೆಟ್ಟಿಗೆಯನ್ನೇ ಎಬ್ಬಿಸಿ ನಿಲ್ಲಿಸುವುದು.

ಕೋಣೆಯ ಎಲ್ಲ ಆಸನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ ಸಂಶೋಧನೆ ಇಲ್ಲವೆಂದಲ್ಲ. 5 ಮೀಟರ್ ಉದ್ದದ ಕೋಣೆಯಲ್ಲಿ 34 ಹರ್ಟ್ಸ್‌ನ ಆಸುಪಾಸಿನ ಮಂದ್ರಸ್ವರ ಗೋಡೆಗಳ ನಡುವೆ ನಿಂತ ಅಲೆಯಾಗಿ, ಗೋಡೆಯ ಬಳಿ ಅಬ್ಬರಿಸಿ ನಡುವೆ ಇಲ್ಲವಾಗುತ್ತದೆ. ಸಬ್‌ವೂಫರನ್ನು ಎಲ್ಲಿ ಬೇಕಾದರೂ ಇಡಬಹುದೆಂಬ ಕೈಪಿಡಿಯ ಮಾತು, ಅದರ ದಿಕ್ಕು ಕಿವಿಗೆ ತಿಳಿಯದೆಂಬ ಮಟ್ಟಿಗೆ ಮಾತ್ರ ನಿಜ. ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿಯವರು 2002ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಕೇಳಿಕೊಂಡ ಪ್ರಶ್ನೆಯೆಂದರೆ, ಎಷ್ಟು ಸಬ್‌ವೂಫರುಗಳನ್ನು ಎಲ್ಲೆಲ್ಲಿಟ್ಟರೆ ಆಸನದಿಂದ ಆಸನಕ್ಕೆ ವ್ಯತ್ಯಾಸ ಕಡಿಮೆಯಾದೀತು ಎಂಬುದು. ಎದುರುಬದುರು ಗೋಡೆಗಳ ಮಧ್ಯದಲ್ಲಿಟ್ಟ ಎರಡೇ ಬಹಳ ಕೆಲಸ ಮಾಡುತ್ತವೆಂದು ಅವರು ಕಂಡುಕೊಂಡರು. ಫಲಕ್ಕಿಂತಲೂ ಪ್ರಶ್ನೆಯ ರೂಪವನ್ನು ಗಮನಿಸಬೇಕು. ಬೆಲ್ ಪ್ರಯೋಗಶಾಲೆಯವರು ಕೇಳಿದ್ದು ಇದೇ ಜಾತಿಯ ಪ್ರಶ್ನೆ.

ನಮ್ಮಲ್ಲಿ ಎರಡನೆಯ ಸಬ್‌ವೂಫರಿಗೆ ಅವಕಾಶವಾಗಲಿಲ್ಲ. ಎದುರು ಗೋಡೆಯ ಮಧ್ಯದಲ್ಲಿ ದೇವರ ಮನೆಯ ಬಾಗಿಲಿದೆ. ಮಧ್ಯದ ಪೆಟ್ಟಿಗೆಯನ್ನು ಗೂಡಿನಿಂದ ಹೊರತೆಗೆದು ಒಂದು ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಮುಖವನ್ನು ಕೂತವರ ಕಿವಿಯ ಎತ್ತರಕ್ಕೆ ಓರೆಮಾಡಿದೆವು. ತೆರೆಯ ಕೆಳ ಅಂಚು ಮರೆಯಾಗುವುದೆಂದು ದೂರದರ್ಶನವನ್ನು ಗೋಡೆಯಲ್ಲಿ ಒಂದು ಗೇಣು ಮೇಲಕ್ಕೆ ಏರಿಸಬೇಕಾಯಿತು. ನೋಡಲು ಅಷ್ಟೇನೂ ಸೊಗಸಾಗಿಲ್ಲವೆಂದು ಬಂದವರೆಲ್ಲ ಹೇಳಿ ಹೋಗುತ್ತಾರೆ. ಎಡದ ಪಕ್ಕಧ್ವನಿಯ ಪೆಟ್ಟಿಗೆ ಈಗ ಕಿಟಕಿಯ ಚೌಕಟ್ಟಿನ ಮೇಲಿದೆ. ಕೇಂದ್ರದ ಕುರ್ಚಿಯಲ್ಲಿ ಮೊದಲಿನ ಸುಖ ತುಸು ಕಡಿಮೆಯಾಗಿರುವುದು ನಿಜ. ತಾಯಿಯವರು ಮೊನ್ನೆ ಒಂದು ಹಳೆಯ ಕನ್ನಡ ಚಿತ್ರವನ್ನು ಮಂಚದ ಮೇಲಿಂದಲೇ ಕೊನೆಯವರೆಗೂ ನೋಡಿದರು. ನಡುವೆ ಒಮ್ಮೆ, ಧ್ವನಿ ಸ್ವಲ್ಪ ಕಡಿಮೆ ಮಾಡೆಂದು ನಮಗೇ ಹೇಳಿದರು.