ಥರ್ಮೋಸ್ಟಾಟ್ ಕೀಳುವವರ ಪಂಥ

ಸ್ಟ್ಯಾಂಡರ್ಡ್ ಹೆರಾಲ್ಡ್ ಸ್ಪೋರ್ಟ್ಸ್ ಕಾರು ಹೌದೋ ಅಲ್ಲವೋ ಎಂಬ ತಕರಾರನ್ನು ಮತ್ತೆ ಎತ್ತುವುದಿಲ್ಲ. 1961ರಿಂದ ಮದರಾಸಿನಲ್ಲಿ ತಯಾರಾದ ಈ ಮಾದರಿಯ ಚಾಸಿಯನ್ನೇ ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಕಟ್ಟಿದರು. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ನನಗೆ ಅಷ್ಟು ಸಾಕು. ಬಾನೆಟ್ಟನ್ನು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿ, ಟೈರಿನ ಮೇಲೆ ಕೂತೇ ಹೋಸು ಬದಲಿಸಬಹುದು.

ಈ ವಾರದ ವಿಷಯ ಹೀಟರ್ ಹೋಸು. ಹಾಸನ ಬಡವರ ಊಟಿಯಾದರೂ ನಮ್ಮ ಹಳೇ ಕಾರುಗಳಲ್ಲಿ ಹೀಟರ್ ಅಪರೂಪ. ಇದ್ದರೂ ಹಿಂದಿನ ಮಾಲೀಕರು ಪೈಪು ಕಿತ್ತು ರಬ್ಬರ್ ಬಿರಡೆ ಜಡಿದಿರುತ್ತಾರೆ. ಆ ಬಿರಡೆಗೂ ವಯಸ್ಸಾಗುತ್ತದೆ, ಮರೆಯಬೇಡಿ. ಹೊರಗಿನ ನುಣುಪನ್ನು ನಂಬಬೇಡಿ. ಹೋಸು ಹಾಳಾಗುವುದು ಒಳಗಿನಿಂದ, ಅದರಲ್ಲೂ ಕ್ಲಿಪ್ಪಿನ ಪಕ್ಕದ ಎರಡಿಂಚಿನಲ್ಲಿ. ಎಂಜಿನ್ ತಣ್ಣಗಿದ್ದಾಗ ಅಲ್ಲಿ ಹಿಚುಕಿ ನೋಡಿ. ನಡುವೆ ಗಟ್ಟಿಯಿದ್ದು ತುದಿ ಮೆತ್ತಗಾಗಿದ್ದರೆ ಬದಲಿಸಿ. ತಿರುಚಿ ಎಳೆದರೆ ಹೀಟರಿನ ಹಿತ್ತಾಳೆ ಮೂತಿಯ ಬೆಸುಗೆ ಬಿಡುತ್ತದೆ, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹೊಸದನ್ನು ಏರಿಸಲು ಸೋಪಿನ ನೀರು ಸಾಕು. ಗ್ರೀಸ್ ಹಚ್ಚಿದರೆ ರಬ್ಬರು ಉಬ್ಬುತ್ತದೆ. ನೀಲಿ ಸಿಲಿಕಾನ್ ಹೋಸು ಮೆರವಣಿಗೆಗೆ ಚೆಂದ, ಆದರೆ ಮಾಮೂಲಿ ಕ್ಲಿಪ್ಪಿನ ಸೀಳುಗಳು ಅದನ್ನು ಕೊಯ್ಯುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಕಾರು ಬಿಸಿಯಾಯಿತೆನ್ನಿ. ಅರಕಲಗೂಡಿನ ಷೆಡ್ಡಿನಿಂದ ಹಾಸನದ ಗ್ಯಾರೇಜಿನವರೆಗೆ ಒಂದೇ ಮಂತ್ರ: “ಥರ್ಮೋಸ್ಟಾಟ್ ಕಿತ್ತಾಕ್ಬಿಡಿ ಸಾರ್.” ಈ ಪಂಥದ ಜೊತೆ ನನ್ನ ಜಗಳ ಹಳೆಯದು. ಸುಮಾರು 82 ಡಿಗ್ರಿಗೆ ಬಾಯಿಬಿಡುವ ಆ ಕವಾಟವನ್ನು ಕಿತ್ತರೆ, ಮಾಗಿಯ ಬೆಳಿಗ್ಗೆ ಎಂಜಿನ್ ಬೆಚ್ಚಗಾಗಲು ಒದ್ದಾಡುತ್ತದೆ. ಸುಡದ ಪೆಟ್ರೋಲು ಸಿಲಿಂಡರಿನ ಆಯಿಲ್ ತೊಳೆದುಬಿಡುತ್ತದೆ. ಹೀಟರ್ ಇದ್ದವರಿಗೂ ತಣ್ಣನೆ ಗಾಳಿಯೇ ಗತಿ.

ನಿಜವಾದ ಕಳ್ಳ ಬೇರೆಡೆ ಇರುತ್ತಾನೆ. ಹಾಸನ ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿನಷ್ಟು ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪು ತಡೆಯುವ ಒಂದೊಂದು ಪೌಂಡ್ ಒತ್ತಡಕ್ಕೂ ಆ ಲೆಕ್ಕ ಒಂದೂವರೆ ಡಿಗ್ರಿಯಷ್ಟು ಏರುತ್ತದೆ. ಕ್ಯಾಪಿನ ವಾಷರ್ ಒಣಗಿದ್ದರೆ ಹೊಸ ಹೋಸು ಹಾಕಿ ಏನು ಪ್ರಯೋಜನ? ಇನ್ನು ನೀರು. ಚನ್ನರಾಯಪಟ್ಟಣದ ಕಡೆ ಬೋರ್‌ವೆಲ್ ನೀರನ್ನೇ ಕುಡಿದ ರೇಡಿಯೇಟರಿನ ಕೊಳವೆಗಳಲ್ಲಿ ಸ್ನಾನದ ಹಂಡೆಯ ಒಳಗಿನಂಥ ಬಿಳಿ ಪದರ ಕಟ್ಟಿರುತ್ತದೆ. ಹೊಳೆನರಸೀಪುರದವರು “ನಮ್ಮದು ಹೇಮಾವತಿ ನೀರು” ಎಂದು ಬೀಗಬಹುದು, ಹೊಳೆನೀರಿನ ಕೆಸರೂ ಅದೇ ಕೊಳವೆಗಳಲ್ಲಿ ಕೂರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರು, ಅದಕ್ಕೆ ಸಮನಾಗಿ ಕೂಲೆಂಟು ತನ್ನಿ.

ಕೆಲವು ಬಾಟಮ್ ಹೋಸುಗಳೊಳಗಿನ ಸ್ಪ್ರಿಂಗನ್ನು ಯಾಕೆ ಬಿಸಾಡಬಾರದು ಎಂಬುದಕ್ಕೆ ಜಾಗ ಉಳಿದಿಲ್ಲ. ಮುಂದಿನ ವಾರ.