ಅಳದಂಗಡಿಗೆ ಎಷ್ಟು ಚೌಕ?

ಪದಬಂಧದಲ್ಲಿ ‘ಅಳದಂಗಡಿ’ ಎಂಬ ಊರಿನ ಹೆಸರು ತುಂಬಲು ಐದು ಚೌಕ ಸಾಕು. ಕಂಪ್ಯೂಟರಿನ ಲೆಕ್ಕ ಬೇರೆ. ಯುನಿಕೋಡ್‌ನಲ್ಲಿ ಸೊನ್ನೆಗೂ ಗುಡಿಸಿಗೂ ಪ್ರತ್ಯೇಕ ಸಂಕೇತ. ಹಾಗಾಗಿ ಪೈಥಾನ್‌ನ ‘ಲೆನ್’ ಇದೇ ಹೆಸರನ್ನು ಏಳೆಂದು ಎಣಿಸುತ್ತದೆ. ಅದೂ ಸುಳ್ಳಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶ ಬಳಸುವವರ ಬೆರಳಿಗೆ ಹತ್ತಿದ ಕೀಲಿಮಣೆಯಲ್ಲಿ, ಶಿಫ್ಟ್ ಬಿಟ್ಟರೆ, ಏಳೇ ಕೀಲಿ ಒತ್ತಬೇಕು.

ಪದಬಂಧದ ಆ್ಯಪ್ ಬರೆದುಕೊಡು ಎಂದರೆ ಎಐ ಚೌಕ, ಸುಳಿವು, ಅಂಕೆಗಳನ್ನೆಲ್ಲ ಚಹಾ ಆರುವುದರೊಳಗೆ ಜೋಡಿಸಿಬಿಡುತ್ತದೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಸಾಲು ಪೂರ್ತಿ ಮಾಡುವುದೇ ದೊಡ್ಡ ಸಂಗತಿಯಾಗಿತ್ತು. 2025ರ ಫೆಬ್ರುವರಿ ಹೊತ್ತಿಗೆ ಆಂಡ್ರೆ ಕಾರ್ಪತಿ, ಕೋಡ್ ಇದೆಯೆಂಬುದನ್ನೇ ಮರೆತು ಕೆಲಸ ಮಾಡಿಸುವ ಬಗೆಗೆ ‘ವೈಬ್ ಕೋಡಿಂಗ್’ ಎಂದು ಹೆಸರಿಟ್ಟರು.

ಮರೆಯುವ ಸುಖ ಕನ್ನಡದ ಕೋಡಿಗರಿಗಿಲ್ಲ.

ಅಳದಂಗಡಿಗೆ ಏಳಲ್ಲ, ಐದು ಚೌಕ ಬರಬೇಕು ಎಂದು ತಿದ್ದಿ ಹೇಳಿದರೆ ಎಐ ಜಾವಾಸ್ಕ್ರಿಪ್ಟ್‌ನ ಅಕ್ಷರ ಬಿಡಿಸುವ ‘ಸೆಗ್ಮೆಂಟರ್’ ಹಚ್ಚೀತು. ಅಳದಂಗಡಿ ಸರಿಹೋಗುತ್ತದೆ, ನೋಡಿದವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಪಕ್ಕದ ಬೆಳ್ತಂಗಡಿಯನ್ನು ಕೊಟ್ಟರೆ ಮತ್ತೆ ಎಡವಟ್ಟು: ಬೆ, ಳ್, ತಂ, ಗ, ಡಿ. ನಾಲ್ಕು ಚೌಕದ ಊರಿಗೆ ಐದು. ಬಂಟ್ವಾಳವೂ ಮೂರರ ಬದಲು ನಾಲ್ಕಾಗುತ್ತದೆ. ಕಾರಣ ಎಐ ಅಲ್ಲ. 2023ರ ಯುನಿಕೋಡ್ 15.1 ಒತ್ತಕ್ಷರವನ್ನು ಒಡೆಯದಿರುವ ನಿಯಮ ತಂದಾಗ ತೆಲುಗು, ಮಲಯಾಳ ಸೇರಿ ಆರು ಲಿಪಿಗಳನ್ನು ಹೆಸರಿಸಿತು, ಕನ್ನಡ ಅದರಲ್ಲಿರಲಿಲ್ಲ. ಇಂಥದ್ದು ಕೋಡ್ ಓದಿದರೆ ಕಾಣದು, ಊರಿನ ಹೆಸರು ಹಾಕಿ ನೋಡಿದರೇ ಕಾಣುವುದು.

ಕಸುಬು ಸರಿದಿರುವುದು ಇಲ್ಲಿಗೇ, ಬರೆಯುವುದರಿಂದ ಪರೀಕ್ಷಿಸುವುದಕ್ಕೆ. ಆ ಶ್ರಮ ಅದನ್ನು ಪಡುವವರ ಲೆಕ್ಕಕ್ಕೇ ಸಿಗುತ್ತಿಲ್ಲ. 2025ರಲ್ಲಿ ಮೆಟ್ರ್ ಸಂಸ್ಥೆ 16 ಮಂದಿ ಪಳಗಿದ ಡೆವಲಪರ್‌ಗಳ ವೇಗವನ್ನು, ಅವರಿಗೆ ಪರಿಚಿತವಾದ ಯೋಜನೆಗಳಲ್ಲೇ, ಒಟ್ಟು 246 ಕೆಲಸಗಳಲ್ಲಿ ಅಳೆಯಿತು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿಯಿತು. ಅವರು ಮಾತ್ರ, ಎಲ್ಲ ಮುಗಿದ ಮೇಲೂ, ಶೇ 20ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು. ಆಮೇಲಿನ ಸಾಧನಗಳು ಇನ್ನೂ ಚುರುಕು, ಆ ಅಂಕಿ ಹಳತಾಗಿರಲೂಬಹುದು. ಆದರೆ ತಮ್ಮ ವೇಗವನ್ನೇ ಅಷ್ಟು ತಪ್ಪಾಗಿ ಅಂದಾಜಿಸಿದ್ದು ನಗುವ ವಿಷಯವಲ್ಲ.

ಬೆಳ್ತಂಗಡಿಗೆ ಮದ್ದು ಸಣ್ಣದು: ಹಲಂತದ ನಂತರ ವ್ಯಂಜನ ಬಂದರೆ ಎರಡನ್ನೂ ಒಂದೇ ಚೌಕಕ್ಕೆ ಹಾಕು. ಹೇಳಿದರೆ ಎಐ ತಕ್ಷಣ ಬರೆದುಕೊಡುತ್ತದೆ. ಆಗ ‘ಬ್ಯಾಂಕ್‌ಗೆ’ ಎಂದು ಕೊಟ್ಟು ನೋಡಬೇಕು. ಕ್ ಮತ್ತು ಗೆ ನಡುವೆ, ಅವು ಅಂಟದಂತೆ, ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಕೂತಿರುತ್ತದೆ. ಅದಕ್ಕೆ ಚೌಕವೇ ಇಲ್ಲ.